ಇ-ಸ್ಪೋರ್ಟ್ಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕೊಡೋರು ಯಾರು? ಒಕ್ಕೂಟಗಳಿಂದ ನಮ್ಮ ಹುಡುಗರಿಗೆ ಬೇಕಾಗಿರೋದು ಏನು?

ವಿಜಯನಗರ_ಲ್ಯಾನ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾಲೇಜುಗಳಲ್ಲಿ ಇ-ಸ್ಪೋರ್ಟ್ಸ್, ಅಂದ್ರೆ ವಿಡಿಯೋ ಗೇಮ್ ಟೂರ್ನಮೆಂಟ್ ನಡೆಸ್ತೀನಿ. ಮೊಬೈಲಲ್ಲಿ ಆಡೋ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ಜಾಸ್ತಿ, ಆಮೇಲೆ ಕಂಪ್ಯೂಟರಿನ ಶೂಟಿಂಗ್ ಆಟಗಳು ವ್ಯಾಲೊರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2). ಬಹುಮಾನ ಕೊಟ್ಟು ಟೇಬಲ್ ಮಡಚೋ ಹೊತ್ತಿಗೆ ಗೆದ್ದ ತಂಡದ ಹುಡುಗರು ಬಂದು ಕೇಳೋದು ಒಂದೇ ಮಾತು: "ಅಣ್ಣ, ಇದಾದ್ಮೇಲೆ ಯಾವ್ದು? ವರ್ಲ್ಡ್ ಕಪ್‌ಗೆ ದಾರಿ ಹೇಗೆ?" ಕಬಡ್ಡಿ ಹುಡುಗ ಕೇಳಿದ್ರೆ ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹೇಳ್ಬಹುದು. ಇಲ್ಲಿ ಹೇಳೋಕೆ ಹೊರಟ್ರೆ ಅರ್ಧ ಗಂಟೆ ಬೇಕು. ಅದನ್ನೇ ಇಲ್ಲಿ ಬರೀತಿದ್ದೀನಿ.

ಆಟಗಾರರು ವಿಶ್ವ ಚಾಂಪಿಯನ್‌ಷಿಪ್ ಅಂತ ಒಪ್ಕೊಳ್ಳೋದು ಆಟ ಮಾಡಿದ ಕಂಪನಿಯ ಸ್ಪರ್ಧೆಯನ್ನ. ಲೀಗ್ ಆಫ್ ಲೆಜೆಂಡ್ಸ್‌ಗೆ ರಾಯಟ್ ನಡೆಸೋ ವರ್ಲ್ಡ್ಸ್, ಡೋಟಾ 2ಗೆ ವಾಲ್ವ್‌ನ ದಿ ಇಂಟರ್‌ನ್ಯಾಷನಲ್, ಕೌಂಟರ್-ಸ್ಟ್ರೈಕ್‌ಗೆ ವಾಲ್ವ್ ಮುದ್ರೆ ಇರೋ ಮೇಜರ್‌ಗಳು. ಕೊರಿಯಾದ ಲೀಗ್ ಆಟಗಾರ ಫೇಕರ್ 2013ರಲ್ಲಿ ಮೊದಲ ಸಲ ವರ್ಲ್ಡ್ಸ್ ಗೆದ್ದ, 2025ರಲ್ಲಿ ಚೆಂಗ್ಡುನಲ್ಲಿ ಆರನೇ ಸಲ ಕಪ್ ಎತ್ತಿದ. ಅವನು ಯಾವ ಒಕ್ಕೂಟದ ಚಾಂಪಿಯನ್ ಅಂತ ಯಾರೂ ಕೇಳಲ್ಲ.

ಒಕ್ಕೂಟಗಳು ಬೇರೆನೇ ಇವೆ. ಐಇಎಸ್‌ಎಫ್, ಅಂದ್ರೆ ಇಂಟರ್‌ನ್ಯಾಷನಲ್ ಇ-ಸ್ಪೋರ್ಟ್ಸ್ ಫೆಡರೇಷನ್, 2008ರಲ್ಲಿ ಒಂಬತ್ತು ದೇಶ ಸೇರಿ ಕೊರಿಯಾದಲ್ಲಿ ಕಟ್ಟಿದ್ದು. 2009ರಿಂದ ದೇಶ-ದೇಶಗಳ ನಡುವೆ ವಿಶ್ವ ಚಾಂಪಿಯನ್‌ಷಿಪ್ ನಡೆಸ್ತಿದೆ. 2022ರದ್ದು ಬಾಲಿಯಲ್ಲಿ, 2023ರದ್ದು ರೊಮೇನಿಯಾದಲ್ಲಿ, 2024ರದ್ದು ರಿಯಾದ್‌ನಲ್ಲಿ. ಅದಿರೋವಾಗಲೇ 2019ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗ್ಲೋಬಲ್ ಇ-ಸ್ಪೋರ್ಟ್ಸ್ ಫೆಡರೇಷನ್ (ಜಿಇಎಫ್) ಹುಟ್ಟಿತು, ಚೀನಾದ ಗೇಮ್ ಕಂಪನಿ ಟೆನ್ಸೆಂಟ್ ಬೆಂಬಲದಲ್ಲಿ. ಅದಕ್ಕೂ ತನ್ನದೇ ಗ್ಲೋಬಲ್ ಇ-ಸ್ಪೋರ್ಟ್ಸ್ ಗೇಮ್ಸ್. ಇನ್ನು 2024ರಿಂದ ಸೌದಿ ದುಡ್ಡಿನ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್. ಅದು ಕಂಪನಿಯದೂ ಅಲ್ಲ, ಒಕ್ಕೂಟದ್ದೂ ಅಲ್ಲ.

ಒಂದು ಲೆಕ್ಕ ನೋಡಿ. 2022ರಲ್ಲಿ ಬಾಲಿಯ ಚಾಂಪಿಯನ್‌ಷಿಪ್‌ಗೆ ಎಲ್ಲ ಆಟ ಸೇರಿ ಬಹುಮಾನ 5 ಲಕ್ಷ ಡಾಲರ್. ಅದೇ ವರ್ಷ ದಿ ಇಂಟರ್‌ನ್ಯಾಷನಲ್, ಒಂದೇ ಆಟ, ಸುಮಾರು 1.89 ಕೋಟಿ ಡಾಲರ್. ಒಳ್ಳೇ ತಂಡಗಳು ಎಲ್ಲಿಗೆ ಹೋಗ್ತವೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಆಟದ ಮೈದಾನ, ಚೆಂಡು, ನಿಯಮ ಮೂರೂ ಕಂಪನಿ ಕೈಲಿರೋವಾಗ ಒಕ್ಕೂಟ "ನಾನೇ ಈ ಕ್ರೀಡೆಯ ಆಡಳಿತ" ಅನ್ನೋಕೆ ಆಗಲ್ಲ. ಕಂಪನಿ ಮಾಡದೇ ಬಿಡೋ ಕೆಲಸ ಮಾತ್ರ ಬೇಕಾದಷ್ಟಿದೆ. ವೀಸಾ ಪತ್ರ, ಆಯ್ಕೆಯ ನಿಯಮ, ಬಾಕಿ ಬಹುಮಾನ, ದೂರು ಕೇಳೋ ಜಾಗ. ನಮ್ಮ ಒಕ್ಕೂಟಗಳು ಪದಕದ ಫೋಟೋ ಬಿಟ್ಟು ಇದಕ್ಕೆ ಕೈ ಹಾಕ್ಬೇಕು. ನೀವೇನಂತೀರಿ?

ಡಸ್ಟ್2_ಹಳಬ

ಸ್ವಲ್ಪ ಭಿನ್ನಾಭಿಪ್ರಾಯ ಇದೆ ನಂದು. ನಾವು ಸಿಎಸ್ 1.6 ಆಡಿದ ಕಾಲದಲ್ಲಿ ಕನಸು ಅಂದ್ರೆ ಒಂದೇ, ವರ್ಲ್ಡ್ ಸೈಬರ್ ಗೇಮ್ಸ್. 2001ರಲ್ಲಿ ಸೋಲ್‌ನಲ್ಲಿ ಶುರುವಾಗಿದ್ದು, ಸ್ಯಾಮ್‌ಸಂಗ್ ಪ್ರಾಯೋಜಕತ್ವ. ಭಾರತದ ಕ್ವಾಲಿಫೈಯರ್ ಗೆದ್ದೋರು ದೇಶದ ಜರ್ಸಿ ಹಾಕ್ಕೊಂಡು ಹೋಗ್ತಿದ್ರು. ಬೆಂಗಳೂರಿನ ಕೆಫೆಗಳಲ್ಲಿ ಆ ಜರ್ಸಿ ಬಗ್ಗೆ ಮಾತಾಡಿದಷ್ಟು ಬಹುಮಾನದ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ. ಎಸ್‌ಪಿ ರೋಡಲ್ಲಿ ಚೌಕಾಸಿ ಮಾಡಿ ತಂದ ಸಿಆರ್‌ಟಿ ಮಾನಿಟರನ್ನ ಆಟೋದಲ್ಲಿ ತೊಡೆ ಮೇಲೆ ಇಟ್ಕೊಂಡು ಟೂರ್ನಮೆಂಟಿಗೆ ಹೋದೋರು ನಾವು.

ಕಂಪನಿ ಸ್ಪರ್ಧೆಗೆ ನೀನು ಹೋಗೋದು ಯಾವುದೋ ಕ್ಲಬ್ ಹೆಸರಲ್ಲಿ. ಕ್ಲಬ್ ನಾಳೆ ಇರುತ್ತೋ ಇಲ್ವೋ. ದೇಶದ ಹೆಸರಲ್ಲಿ ಆಡಿದ್ದು ಮಾತ್ರ ಮನೇಲಿ, ಊರಲ್ಲಿ, ಕಾಲೇಜಲ್ಲಿ ಲೆಕ್ಕಕ್ಕೆ ಬರುತ್ತೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಅನ್ನೋ ಕಾರ್ಡ್ ಆಟದಲ್ಲಿ ಕಂಚು ತಂದ. ಪ್ರದರ್ಶನ ಕ್ರೀಡೆ, ಪದಕಪಟ್ಟಿಗೆ ಸೇರಲ್ಲ. ಆದ್ರೂ ನನ್ನ ಅಪ್ಪ ಪೇಪರಲ್ಲಿ ಓದಿ "ಏನಯ್ಯಾ, ನೀವಾಡ್ತಿದ್ದ ಥರದ್ದೇ ಅಲ್ವಾ ಇದು?" ಅಂತ ಕೇಳಿದ್ರು. ಆ ಪ್ರಶ್ನೆ ಅವರ ಬಾಯಲ್ಲಿ ಬರೋಕೆ ಯಾವ ವಾಲ್ವ್, ಯಾವ ರಾಯಟ್ ಇಂದನೂ ಆಗಿರ್ಲಿಲ್ಲ. ಒಕ್ಕೂಟಗಳ ಚಾಂಪಿಯನ್‌ಷಿಪ್ ಚಿಕ್ಕದಿರ್ಬಹುದು, ಬೇಡ ಅಂತ ಮಾತ್ರ ಹೇಳ್ಬೇಡಿ.

ಸುಮಕ್ಕ_ಜೆಪಿನಗರ

ನಾನು ಆಟಗಾರ್ತಿ ಅಲ್ಲ, ಒಬ್ಬ ಆಟಗಾರನ ತಾಯಿ. ಮಗ ಎರಡನೇ ಪಿಯು. ಬಿಜಿಎಂಐ ಆಡ್ತಾನೆ, ಚೆನ್ನಾಗೇ ಆಡ್ತಾನೆ ಅಂತ ಅವನ ಜೊತೆಯವರು ಹೇಳ್ತಾರೆ. ಮೊನ್ನೆ ಮೊದಲ ಸಲ ಅವನ ಪಂದ್ಯ ನೋಡೋಕೆ ಹೋಗಿದ್ದೆ. ಒಂದು ಹಾಲ್‌ನಲ್ಲಿ ಹದಿನಾರು ತಂಡ, ಅರವತ್ತನಾಲ್ಕು ಮಕ್ಕಳು. ಹೆಬ್ಬೆರಳಿಗೆ ತೆಳ್ಳನೆ ಬಟ್ಟೆಯ ಟೋಪಿ ಥರ ಹಾಕ್ಕೋತಾರೆ, ಬೆವರಿಗೆ ಸ್ಕ್ರೀನ್ ಮೇಲೆ ಬೆರಳು ಜಾರಬಾರ್ದು ಅಂತ. ಫೋನ್ ಬಿಸಿಯಾದ್ರೆ ಹಿಂದೆ ಪುಟ್ಟ ಫ್ಯಾನ್ ಸಿಕ್ಕಿಸ್ತಾರೆ. ಒಬ್ಬರಿಗೊಬ್ಬರು ಮಾತಾಡೋದು ಎಷ್ಟು ಚುರುಕು! ಮನೇಲಿ ಕೋಣೆ ಬಾಗಿಲು ಹಾಕ್ಕೊಂಡು ಕೂಗಾಡೋ ಹುಡುಗ ಅಲ್ಲಿ ನಾಲ್ಕು ಜನರನ್ನ ನಡೆಸ್ತಿದ್ದ. ನನಗೆ ನಿಜಕ್ಕೂ ಸಂತೋಷ ಆಯ್ತು.

ಈಗ ನನ್ನ ಪ್ರಶ್ನೆ. ಕಾಲೇಜಲ್ಲಿ 75% ಹಾಜರಿ ಬೇಕು. ವಾಲಿಬಾಲ್ ಹುಡುಗನಿಗೆ ಸಂಸ್ಥೆ ಪತ್ರ ಕೊಡುತ್ತೆ, ಹಾಜರಿ ಹೊಂದಿಸ್ತಾರೆ. ನನ್ನ ಮಗನ ಪತ್ರ ಯಾರು ಕೊಡ್ಬೇಕು? ಅವನ ಹತ್ರ ಮೂರು ಬೇರೆ ಬೇರೆ ಸಂಸ್ಥೆಯ ಸರ್ಟಿಫಿಕೇಟ್ ಇದೆ, ಮೂರರಲ್ಲೂ "ರಾಷ್ಟ್ರೀಯ" ಅಂತ ಇದೆ. ಪ್ರಿನ್ಸಿಪಾಲರು ಮರ್ಯಾದೆಯಾಗೇ ಮಾತಾಡಿದ್ರು, ಆದ್ರೆ "ಮೇಡಂ, ಇದ್ರಲ್ಲಿ ಸರ್ಕಾರ ಒಪ್ಪಿರೋದು ಯಾವ್ದು?" ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಇದೆಯಾ?

ವಿಜಯನಗರ_ಲ್ಯಾನ್

ಸುಮಕ್ಕ, ನೀವು ಕೇಳಿದ್ದೇ ಈ ಚರ್ಚೆಯ ತಿರುಳು. ಸರ್ಟಿಫಿಕೇಟ್ ವಿಷಯ ಕಾನೂನು ಗೊತ್ತಿರೋರು ಹೇಳಲಿ.

ಹಳಬಣ್ಣ, ಜರ್ಸಿ ಬೇಡ ಅಂದಿಲ್ಲ ನಾನು. ಆ ಜರ್ಸಿ ಯಾರ ಕೈಲಿದೆ ಅನ್ನೋದು ಹೇಳ್ತೀನಿ ಕೇಳಿ, ಅದೂ ನೀವೇ ಎತ್ತಿದ ಹಾರ್ತ್‌ಸ್ಟೋನ್ ಕಥೆಯಿಂದ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಎಂಟು ಆಟ ಪದಕಕ್ಕೆ ಆಯ್ಕೆಯಾಗಿದ್ವು, ಹಾರ್ತ್‌ಸ್ಟೋನ್ ಸೇರಿ. ಭಾರತದಲ್ಲಿ 2022ರಲ್ಲೇ ಆಯ್ಕೆ ಸ್ಪರ್ಧೆ ಮುಗಿದು ನಮ್ಮ ಹಾರ್ತ್‌ಸ್ಟೋನ್ ಆಟಗಾರರು ತಯಾರಾಗಿದ್ರು. ಕೋವಿಡ್‌ನಿಂದ ಕ್ರೀಡಾಕೂಟ 2023ಕ್ಕೆ ಹೋಯ್ತು. ಅಷ್ಟರಲ್ಲಿ ಆಟ ಮಾಡಿದ ಬ್ಲಿಝಾರ್ಡ್‌ಗೂ ಅದನ್ನ ಚೀನಾದಲ್ಲಿ ನಡೆಸ್ತಿದ್ದ ನೆಟ್‌ಈಸ್‌ಗೂ ಇದ್ದ ಒಪ್ಪಂದ ಮುರಿದುಬಿತ್ತು. 2023ರ ಜನವರಿಯಲ್ಲಿ ಚೀನಾದ ಸರ್ವರ್‌ಗಳು ಬಂದ್. ಕ್ರೀಡಾಕೂಟ ಚೀನಾದಲ್ಲಿ, ಆಟ ಚೀನಾದಲ್ಲೇ ಇಲ್ಲ. ಹಾರ್ತ್‌ಸ್ಟೋನ್ ಪಟ್ಟಿಯಿಂದ ಹೊರಗೆ. ಎಂಟು ಇದ್ದದ್ದು ಏಳಾಯ್ತು.

ಯಾರ ತಪ್ಪೂ ಇಲ್ಲದೆ ಆಟಗಾರರ ಒಂದು ಏಷ್ಯನ್ ಗೇಮ್ಸ್ ಹೋಯ್ತು. ಎರಡು ಕಂಪನಿಗಳ ವ್ಯಾಪಾರ ಮುರಿದದ್ದಕ್ಕೆ ಓಟದ ಸ್ಪರ್ಧೆ ರದ್ದಾಗಿದ್ದು ಕೇಳಿದ್ದೀರಾ? ಏಷ್ಯಾ ಒಕ್ಕೂಟ ಆಗ ಮಾಡೋಕೆ ಆಗಿದ್ದು ಒಂದೇ, ಹೆಸರು ಕೈಬಿಟ್ಟಿದ್ದು.

ಫಿಫಾನೇ ನೋಡಿ. ಅದಕ್ಕಿಂತ ದೊಡ್ಡ ಒಕ್ಕೂಟ ಯಾವುದಿದೆ? ಅದರ ಹೆಸರಲ್ಲಿ ಫುಟ್‌ಬಾಲ್ ಗೇಮ್ ಮಾಡ್ತಿದ್ದ ಇಎ ಕಂಪನಿ ಜೊತೆ ಮಾತು ಮುರಿದ್ಮೇಲೆ ಆಟ ಇಎ ಹತ್ರ ಉಳೀತು, ಫಿಫಾಗೆ ಉಳಿದದ್ದು ಹೆಸರು. 2024ರಲ್ಲಿ ಫಿಫಾದ ಇ-ವಿಶ್ವಕಪ್ ನಡೆದದ್ದು ಕೊನಾಮಿ ಅನ್ನೋ ಬೇರೆ ಕಂಪನಿಯ ಇಫುಟ್‌ಬಾಲ್ ಆಟದಲ್ಲಿ.

ಬಸವನಗುಡಿ_ಕುದುರೆ

ನಾನು ಚೆಸ್ ಕಲಿಸುವವನು. ಕಂಪನಿಯ ಒಡೆತನದಿಂದಲೇ ಎಲ್ಲ ಗೊಂದಲ ಅನ್ನುವುದನ್ನು ಪೂರ್ತಿ ಒಪ್ಪುವುದಿಲ್ಲ. ಚದುರಂಗಕ್ಕೆ ಒಡೆಯರಿಲ್ಲ. ಅದರ ಅಂತರರಾಷ್ಟ್ರೀಯ ಒಕ್ಕೂಟ ಫಿಡೆ 1924ರಿಂದ ಇದೆ. ಆದರೂ 1993ರಲ್ಲಿ ಕ್ಯಾಸ್ಪರೋವ್ ಮತ್ತು ಶಾರ್ಟ್ ಫಿಡೆಯಿಂದ ಹೊರಗೆ ಪಂದ್ಯ ಆಡಿದರು. 2006ರಲ್ಲಿ ಕ್ರಾಮ್ನಿಕ್ ಮತ್ತು ಟೊಪಲೋವ್ ಆಡುವವರೆಗೆ ಜಗತ್ತಿನಲ್ಲಿ ಇಬ್ಬಿಬ್ಬರು ವಿಶ್ವ ಚಾಂಪಿಯನ್ನರಿದ್ದರು. ಬಾಕ್ಸಿಂಗ್‌ನಲ್ಲಿ ಇವತ್ತಿಗೂ ನಾಲ್ಕು ಸಂಸ್ಥೆಗಳ ಬೆಲ್ಟ್ ಇವೆ. ದುಡ್ಡು ಮತ್ತು ಅಧಿಕಾರ ಇರುವ ಕಡೆ ಒಡಕು ಬರುತ್ತದೆ.

ಹದಿಮೂರು ವರ್ಷದ ಆ ಒಡಕಿನಲ್ಲಿ ಫಿಡೆಯನ್ನು ಉಳಿಸಿದ್ದು ಯಾವುದು ಎಂಬುದು ಮುಖ್ಯ. ಚಾಂಪಿಯನ್ ಪಟ್ಟ ಅಲ್ಲ. ರೇಟಿಂಗ್, ಟೈಟಲ್, ತರಬೇತಿ ಪಡೆದ ಆರ್ಬಿಟರ್‌ಗಳು, ಅಂದರೆ ತೀರ್ಪುಗಾರರು. ನನ್ನ ಹತ್ತಿರ ಬರುವ ಎಂಟು ವರ್ಷದ ಹುಡುಗಿ ಬಸವನಗುಡಿಯ ಒಂದು ಕಲ್ಯಾಣ ಮಂಟಪದಲ್ಲಿ ಆಡಿದ ಪಂದ್ಯ ತಿಂಗಳ ಕೊನೆಗೆ ಫಿಡೆ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅಂಕಿಯಾಗಿ ಕೂರುತ್ತದೆ. ಅದೇ ಪಟ್ಟಿಯಲ್ಲಿ ಕಾರ್ಲ್‌ಸನ್ ಇದ್ದಾರೆ, ಗುಕೇಶ್ ಇದ್ದಾರೆ. ಆ ಅಂಕಿಯನ್ನು ಯಾವ ಆಯೋಜಕನೂ ಕಸಿದುಕೊಳ್ಳಲಾರ. ಇ-ಸ್ಪೋರ್ಟ್ಸ್ ಒಕ್ಕೂಟಗಳು ಪದಕ ಸಮಾರಂಭದಿಂದ ಶುರು ಮಾಡಿದವು. ದಾಖಲೆ ಪುಸ್ತಕದಿಂದ ಶುರು ಮಾಡಬೇಕಿತ್ತು.

ಡಸ್ಟ್2_ಹಳಬ

ಮೇಷ್ಟ್ರೇ, ಸಿಎಸ್‌ನಲ್ಲಿ ಅದು ಈಗ ಶುರುವಾಗಿದೆ, ಮಾಡಿದ್ದು ಮಾತ್ರ ಕಂಪನಿ. 2025ರಿಂದ ದೊಡ್ಡ ಟೂರ್ನಮೆಂಟ್‌ಗಳು ವಾಲ್ವ್‌ನ ರ‍್ಯಾಂಕಿಂಗ್ ನೋಡಿಯೇ ಆಹ್ವಾನ ಕೊಡ್ಬೇಕು. ಆಯೋಜಕರು ಒಂದಷ್ಟು ತಂಡಗಳ ಜೊತೆ ಪ್ರತ್ಯೇಕ ವ್ಯಾಪಾರ ಒಪ್ಪಂದ ಇಟ್ಕೊಂಡು ಅವರಿಗೇ ಜಾಗ ಕೊಡೋ ಹಾಗಿಲ್ಲ. ಒಳ್ಳೇ ನಿಯಮ. ಯಾವ ಒಕ್ಕೂಟಕ್ಕೂ ಅದನ್ನ ಜಾರಿ ಮಾಡೋ ಶಕ್ತಿ ಇರ್ಲಿಲ್ಲ, ಇದನ್ನ ಒಪ್ತೀನಿ.

ಕಾಯ್ದೆ_ಓದುಗ

ಸುಮಾ ಮೇಡಂ ಅವರ ಪ್ರಶ್ನೆಗೆ ಕಾನೂನು ವಿದ್ಯಾರ್ಥಿಯಾಗಿ ನನಗೆ ತಿಳಿದಷ್ಟು.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಹುಕ್ರೀಡಾಕೂಟಗಳ ಭಾಗವಾಗಿ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯಕ್ಕೆ ವಹಿಸಿತು, ಆನ್‌ಲೈನ್ ಗೇಮಿಂಗ್ ಅನ್ನು ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯಕ್ಕೆ. ಎರಡೂ ಬೇರೆ ಎಂಬುದು ಅಧಿಕೃತವಾಗಿ ಆಗ ದಾಖಲಾಯಿತು. ನಂತರ 2025ರ ಆಗಸ್ಟ್‌ನಲ್ಲಿ ಒಂದೇ ಅಧಿವೇಶನದಲ್ಲಿ ಎರಡು ಕಾಯ್ದೆಗಳು ಬಂದವು: ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಹಾಗೂ ನಿಯಂತ್ರಣ ಕಾಯ್ದೆ. ಎರಡನೆಯದು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಬೆಂಗಳೂರಿನಲ್ಲಿ ಇದರಿಂದ ಕೆಲಸ ಹೋದವರು ನಮ್ಮ ನಡುವೆಯೇ ಇದ್ದಾರೆ, ಅದು ಬೇರೆಯದೇ ಚರ್ಚೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯ ದಾರಿ ತೆರೆಯಿತು: ಪ್ರವೇಶ ಶುಲ್ಕ ಇರಬಹುದು, ಗೆದ್ದವರಿಗೆ ಬಹುಮಾನ ಇರಬಹುದು, ಬಾಜಿ ಇರಕೂಡದು. ಆದರೆ ಅದು ಕ್ರೀಡಾ ಆಡಳಿತ ಕಾಯ್ದೆಯಡಿ ಮಾನ್ಯತೆ ಪಡೆದಿರಬೇಕು, ಆನ್‌ಲೈನ್ ಗೇಮಿಂಗ್ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು.

ಈ ವೇದಿಕೆಯಲ್ಲಿ ನಡೆಯುತ್ತಿರುವ ಮಾತು ಇಲ್ಲಿಗೆ ಬಂದು ಮುಟ್ಟುತ್ತದೆ. ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಒಕ್ಕೂಟವನ್ನು ನೋಡುವುದೇ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯತ್ವದ ಮೂಲಕ. ಹಾಕಿಗೆ ಎಫ್‌ಐಎಚ್, ಅಥ್ಲೆಟಿಕ್ಸ್‌ಗೆ ವರ್ಲ್ಡ್ ಅಥ್ಲೆಟಿಕ್ಸ್, ಅನುಮಾನವಿಲ್ಲ. ಇ-ಸ್ಪೋರ್ಟ್ಸ್‌ಗೆ ಐಇಎಸ್‌ಎಫ್? ಜಿಇಎಫ್? ಎರಡೂ ತಾವೇ ಜಾಗತಿಕ ಸಂಸ್ಥೆ ಎನ್ನುತ್ತವೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇವುಗಳಲ್ಲಿ ಯಾವುದನ್ನೂ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಎಂದು ಕೂರಿಸಿಲ್ಲ. ಜೆಪಿ ನಗರದ ಒಂದು ಪಿಯು ಕಾಲೇಜಿನ ಹಾಜರಿ ಪುಸ್ತಕದ ಪ್ರಶ್ನೆ ಬುಸಾನ್ (ಐಇಎಸ್‌ಎಫ್ ಕಚೇರಿ ಇರುವ ಊರು) ಮತ್ತು ಸಿಂಗಪುರದ (ಜಿಇಎಫ್) ಜಗಳಕ್ಕೆ ಹೀಗೆ ಗಂಟು ಬಿದ್ದಿದೆ.

ಮೇಡಂ, ಸದ್ಯಕ್ಕೆ ಏಷ್ಯನ್ ಗೇಮ್ಸ್ ಆಯ್ಕೆಗೆ ನೇರ ಸಂಬಂಧ ಇರುವ ಪತ್ರಕ್ಕೆ ಹೆಚ್ಚು ತೂಕ. ಆ ಮೂರರಲ್ಲಿ ಯಾವುದು ಹಾಗಿದೆ ಎಂದು ಸಂಸ್ಥೆಗಳಿಗೇ ಬರೆದು ಲಿಖಿತ ಉತ್ತರ ಕೇಳಿ. ಫೋನಿನಲ್ಲಿ ಹೇಳಿದ್ದು ಸಾಲದು.

ಸುಮಕ್ಕ_ಜೆಪಿನಗರ

ಧನ್ಯವಾದ ಕಣಪ್ಪ. ಇವತ್ತೇ ಮೂರಕ್ಕೂ ಮೇಲ್ ಹಾಕ್ತೀನಿ.

ಮಹದೇವಪುರ_ಮಿಡ್

ಡೋಟಾ ಆಡೋನು ನಾನು, ಹಗಲಲ್ಲಿ ಐಟಿ ಕೆಲಸ. 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿದ್ದು ನೆನಪಿದೆಯಾ? ಅದನ್ನ ನಡೆಸಿದ್ದು ಜಿಇಎಫ್. ಹಳಬಣ್ಣ ಹೇಳಿದ ಜರ್ಸಿ ಖುಷಿ ನಮಗೂ ಆಗಿತ್ತು. ಹ್ಯಾಂಗ್‌ಝೌನಲ್ಲೂ ಡೋಟಾ ಇತ್ತು. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್ ಪಟ್ಟಿ ನೋಡಿದೆ: ಪೋಕೆಮಾನ್ ಯುನೈಟ್, ಗ್ರಾನ್ ಟುರಿಸ್ಮೋ 7, ಸ್ಟ್ರೀಟ್ ಫೈಟರ್, ಟೆಕ್ಕೆನ್ ಎಲ್ಲ ಇದೆ. ಡೋಟಾ ಇಲ್ಲ.

ಈಜುಗಾರನಿಗೆ ನಾಲ್ಕು ವರ್ಷ ಆದ್ಮೇಲೂ ಅದೇ ಈಜುಕೊಳ ಇರುತ್ತೆ. ನಮಗೆ ಹಾಗಿಲ್ಲ. ಹತ್ತು ವರ್ಷ ಒಂದೇ ಆಟಕ್ಕೆ ಕೊಟ್ಟೋನು ಒಂದು ಸಭೆಯ ನಿರ್ಧಾರದಲ್ಲಿ ದೇಶದ ಆಟಗಾರನ ಪಟ್ಟಿಯಿಂದ ಹೊರಗೆ. ಇದೊಂದು ವಿಷಯ ನನ್ನನ್ನ ತುಂಬಾ ನೋಯಿಸುತ್ತೆ.

ಕಂಪನಿಯನ್ನ ನಂಬಿದ್ರೂ ಅದೇ ಗತಿ. ದಿ ಇಂಟರ್‌ನ್ಯಾಷನಲ್ ಬಹುಮಾನ 2021ರಲ್ಲಿ 4 ಕೋಟಿ ಡಾಲರ್ ದಾಟಿತ್ತು. ಆಟದೊಳಗೆ ಅಭಿಮಾನಿಗಳು ಕೊಳ್ಳೋ ಬ್ಯಾಟಲ್ ಪಾಸ್ ಮಾರಾಟದ 25% ಅದಕ್ಕೆ ಸೇರ್ತಿತ್ತು. 2023ರಲ್ಲಿ ವಾಲ್ವ್ ಆ ಪದ್ಧತಿ ಬದಲಾಯಿಸ್ತು, ಬಹುಮಾನ 30 ಲಕ್ಷದ ಆಸುಪಾಸಿಗೆ ಇಳೀತು. ಆಟಗಾರರನ್ನ ಕೇಳಿದೋರು ಯಾರು? ಒಬ್ಬರೂ ಇಲ್ಲ. ಕೇಳೋಕೆ ಆಟಗಾರರ ಸಂಘವೇ ಇಲ್ಲ.

ಇಂಚರ_ಪ್ಲೇಸ್

ಹುಡುಗಿಯರ ಕಡೆಯಿಂದ ಒಂದು ಮಾತು. ಒಕ್ಕೂಟ ಬಂದ್ರೆ ನ್ಯಾಯ ಬರುತ್ತೆ ಅಂತ ಸುಮ್ಮನೆ ಅಂದ್ಕೋಬೇಡಿ. 2014ರಲ್ಲಿ ಬಾಕುನಲ್ಲಿ ನಡೆಯಬೇಕಿದ್ದ ಐಇಎಸ್‌ಎಫ್ ವಿಶ್ವ ಚಾಂಪಿಯನ್‌ಷಿಪ್‌ಗೆ ಹಾರ್ತ್‌ಸ್ಟೋನ್ "ಪುರುಷರಿಗೆ ಮಾತ್ರ" ಅಂತ ಇತ್ತು. ಕಾರ್ಡ್ ಆಟ ಅದು! ಫಿನ್ಲೆಂಡ್‌ನ ಕ್ವಾಲಿಫೈಯರ್‌ನಲ್ಲಿ ಈ ನಿಯಮ ಬೆಳಕಿಗೆ ಬಂದು ಜಗತ್ತೇ ಗಲಾಟೆ ಮಾಡಿದ್ಮೇಲೆ ನಿಯಮ ಬದಲಾಯಿಸಿ ಎಲ್ಲರಿಗೂ ತೆರೆದ್ರು. ಅಂದ್ರೆ ತಿದ್ದಿದ್ದು ಗಲಾಟೆ, ಒಳಗಿನ ವ್ಯವಸ್ಥೆ ಅಲ್ಲ.

ಕಂಪನಿಗಳಲ್ಲಿ ರಾಯಟ್ 2021ರಲ್ಲಿ ವ್ಯಾಲೊರಂಟ್‌ನಲ್ಲಿ ಹುಡುಗಿಯರಿಗೆ ಗೇಮ್ ಚೇಂಜರ್ಸ್ ಅನ್ನೋ ಸ್ಪರ್ಧೆ ಶುರು ಮಾಡ್ತು, 2022ರಲ್ಲಿ ಬರ್ಲಿನ್‌ನಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಯ್ತು. ನನ್ನಂಥೋರು ಗಂಭೀರವಾಗಿ ಆಡೋಕೆ ಶುರು ಮಾಡಿದ್ದು ಅದರಿಂದ. ಅದಕ್ಕೆ ಕೃತಜ್ಞತೆ ಇದೆ. ನಾಳೆ ರಾಯಟ್ ಬಜೆಟ್ ಕಡಿತ ಮಾಡಿದ್ರೆ ಅದೂ ಹೋಗುತ್ತೆ ಅನ್ನೋ ಭಯನೂ ಇದೆ.

ಹೊಸ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಇರ್ಬೇಕು ಅಂತ ಇದೆ. ಅದನ್ನ ರಾಜ್ಯದ ಸಂಸ್ಥೆಗಳಿಗೂ ಕೇಳೋಣ. ಮತ್ತೊಂದು, ದೂರು ಕೊಡೋಕೆ ಒಂದು ವಿಳಾಸ. ಹೋದ ವರ್ಷ ಒಂದು ಆನ್‌ಲೈನ್ ಕಪ್‌ನಲ್ಲಿ ಎದುರು ತಂಡದವರು ಪಂದ್ಯದ ಉದ್ದಕ್ಕೂ ಹೊಲಸು ಬೈದ್ರು. ಅಡ್ಮಿನ್‌ಗೆ ರೆಕಾರ್ಡಿಂಗ್ ಕಳಿಸಿದ್ರೆ "ಮ್ಯೂಟ್ ಮಾಡ್ಕೊಳ್ಳಿ" ಅಂದ. ಆ ಅಡ್ಮಿನ್ ಮೇಲೆ ಯಾರಿದ್ದಾರೆ? ನನಗೆ ಇವತ್ತಿಗೂ ಗೊತ್ತಿಲ್ಲ.

ಡಸ್ಟ್2_ಹಳಬ

ಇಂಚರ ಹೇಳಿದ್ದಕ್ಕೆ ಸೇರಿಸ್ತೀನಿ. ಮೋಸದ ವಿಷಯದಲ್ಲೂ ಇದೇ ಅನಾಥ ಸ್ಥಿತಿ. 2018ರ ಅಕ್ಟೋಬರ್‌ನಲ್ಲಿ ಶಾಂಘೈನ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಸಿಎಸ್ ಟೂರ್ನಮೆಂಟ್‌ನಲ್ಲಿ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರ ವೇದಿಕೆ ಮೇಲೇ ಸಿಕ್ಕಿಬಿದ್ದ. ಅವನ ಕಂಪ್ಯೂಟರಲ್ಲಿ ಚೀಟ್ ಫೈಲ್‌ಗೆ ವರ್ಡ್ ಅಂತ ಹೆಸರಿಟ್ಟಿದ್ದ, ಅಡ್ಮಿನ್ ಹಿಂದೆ ನಿಂತಿದ್ದಾಗಲೇ ಅಳಿಸೋಕೆ ನೋಡಿದ. ಆ ವಿಡಿಯೋ ಜಗತ್ತೆಲ್ಲ ಸುತ್ತಿತು. ತಂಡವನ್ನೇ ವಿಸರ್ಜನೆ ಮಾಡಿದ್ರು. ಏನೂ ತಪ್ಪು ಮಾಡದ ಉಳಿದ ಆಟಗಾರರ ಗತಿ ನೋಡಿ. ಐದು ವರ್ಷ ನಿಷೇಧ ಹಾಕಿದ್ದು ಇಎಸ್‌ಐಸಿ, 2016ರಲ್ಲಿ ಕೆಲವು ಆಯೋಜಕರು ಸೇರಿ ಕಟ್ಟಿದ ಪ್ರಾಮಾಣಿಕತೆ ಆಯೋಗ. 2020ರಲ್ಲಿ ಸಿಎಸ್ ಕೋಚ್‌ಗಳು ಒಂದು ಬಗ್ ಬಳಸಿ ಎದುರಾಳಿಯ ಜಾಗ ನೋಡ್ತಿದ್ದದ್ದನ್ನ ಹಿಡಿದು 37 ಜನರಿಗೆ ಶಿಕ್ಷೆ ಕೊಟ್ಟದ್ದೂ ಅವರೇ. ಒಳ್ಳೇ ಕೆಲಸ. ಆದ್ರೆ ಸದಸ್ಯ ಆಯೋಜಕರ ಟೂರ್ನಮೆಂಟ್‌ಗಳಲ್ಲಿ ಮಾತ್ರ ಅವರ ಮಾತು ನಡೆಯುತ್ತೆ. ಮಾರತ್ತಹಳ್ಳಿಯ ಕಾಲೇಜು ಕಪ್‌ನಲ್ಲಿ ಚೀಟ್ ಮಾಡಿದೋನು ಮುಂದಿನ ವಾರ ಯಲಹಂಕದಲ್ಲಿ ಆಡ್ತಾನೆ. ಇದು ನಾವೆಲ್ಲ ಕಣ್ಣಾರೆ ಕಂಡಿದ್ದು.

ಕೋರಮಂಗಲ_ಕ್ಯಾಸ್ಟರ್

ಇಷ್ಟೆಲ್ಲ ಬರೆದ್ರಿ, ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ ಬಗ್ಗೆ ಒಂದು ಸಾಲಲ್ಲಿ ಮುಗಿಸಿದ್ರಿ ವಿಜಯನಗರ. ಇವತ್ತು ಆಟಗಾರರ ಹೊಟ್ಟೆ ತುಂಬಿಸ್ತಿರೋದು ಅದು. 2024ರಲ್ಲಿ ಒಟ್ಟು ಬಹುಮಾನ 6 ಕೋಟಿ ಡಾಲರ್ ಮೀರಿತ್ತು, 2025ರಲ್ಲಿ 7 ಕೋಟಿ ಮೀರಿತು. ಕಂಪನಿಗಳನ್ನೆಲ್ಲ ಒಂದೇ ಸೂರಿನಡಿ ತಂದರು, ಹದಿನೈದು ವರ್ಷ ಒಕ್ಕೂಟಗಳಿಂದ ಆಗದ ಕೆಲಸ. 2025ರಲ್ಲಿ ಚೆಸ್ ಕೂಡ ಸೇರಿತು. ಕಾರ್ಲ್‌ಸನ್ ಗೆದ್ದರು, ನಮ್ಮ ಅರ್ಜುನ್ ಎರಿಗೈಸಿ ಸೆಮಿಫೈನಲ್ ಮುಟ್ಟಿದರು. ನಾನು ಕ್ಯಾಸ್ಟಿಂಗ್, ಅಂದ್ರೆ ಪಂದ್ಯಗಳ ವೀಕ್ಷಕ ವಿವರಣೆ ಮಾಡಿ ಬದುಕೋನು. ದುಡ್ಡಿಲ್ಲದ ಗೌರವಕ್ಕಿಂತ ಸಮಯಕ್ಕೆ ಬರೋ ಸಂಬಳ ದೊಡ್ಡದು ನನಗೆ.

ವಿಜಯನಗರ_ಲ್ಯಾನ್

ಕ್ಯಾಸ್ಟರ್ ಸಾಹೇಬ್ರೆ, ಸಂಬಳದ ಮಾತು ನೂರಕ್ಕೆ ನೂರು ಒಪ್ತೀನಿ. ನನ್ನ ಚಿಂತೆ ಬೇರೆ. ಒಂದೇ ದೇಶದ ಒಂದೇ ನಿಧಿಯ ಮೇಲೆ ಇಡೀ ಕ್ಷೇತ್ರ ಒರಗಿದೆ. ಒಲಿಂಪಿಕ್ ಸಮಿತಿ ಕಥೆ ನೋಡಿ. 2023ರ ಜೂನ್‌ನಲ್ಲಿ ಸಿಂಗಪುರದಲ್ಲಿ ಒಲಿಂಪಿಕ್ ಇ-ಸ್ಪೋರ್ಟ್ಸ್ ವೀಕ್ ಮಾಡಿದ್ರು. ಅಲ್ಲಿ ಬಿಲ್ಲುಗಾರಿಕೆ ಅಂದ್ರೆ ಒಂದು ಮೊಬೈಲ್ ಆಟ, ಶೂಟಿಂಗ್ ಅಂದ್ರೆ ಫೋರ್ಟ್‌ನೈಟ್‌ನ ಗುರಿ ಅಭ್ಯಾಸ. 2024ರ ಜುಲೈನಲ್ಲಿ ಸೌದಿ ಜೊತೆ ಹನ್ನೆರಡು ವರ್ಷದ ಒಪ್ಪಂದ, 2025ರಲ್ಲೇ ಮೊದಲ ಒಲಿಂಪಿಕ್ ಇ-ಸ್ಪೋರ್ಟ್ಸ್ ಗೇಮ್ಸ್ ಅಂದ್ರು. ಆಮೇಲೆ 2027ಕ್ಕೆ ಹೋಯ್ತು. 2025ರ ಅಕ್ಟೋಬರ್‌ನಲ್ಲಿ ಇಬ್ಬರೂ ಒಪ್ಪಂದವನ್ನೇ ಕೈಬಿಟ್ರು. ಆ ನಡುವೆ ಬೆಂಗಳೂರಿನ ಎಷ್ಟೋ ಹುಡುಗರ ಬಯೋದಲ್ಲಿ "ಒಲಿಂಪಿಕ್ಸ್ 2027" ಅಂತ ಬಂದಿತ್ತು. ನಾನೇ ನೋಡಿದ್ದೀನಿ.

ಆಟ ಯಾರದು ಅನ್ನೋ ಜಗಳ ಹೊಸದಲ್ಲ. ಕೊರಿಯಾದ ಕೆಸ್ಪಾ 2000ದಲ್ಲಿ ಶುರುವಾದ ಇ-ಸ್ಪೋರ್ಟ್ಸ್ ಸಂಘ, ಸರ್ಕಾರದ ಒಪ್ಪಿಗೆ ಇದ್ದದ್ದು. ಬ್ಲಿಝಾರ್ಡ್‌ನ ಸ್ಟಾರ್‌ಕ್ರಾಫ್ಟ್ ಆಟವನ್ನ ಟಿವಿಗೆ ತಂದು ಬೆಳೆಸಿದ್ದು ಅವರು. 2010ರಲ್ಲಿ ಬ್ಲಿಝಾರ್ಡ್ ಪ್ರಸಾರದ ಹಕ್ಕನ್ನ ಬೇರೆ ಕಂಪನಿಗೆ ಕೊಟ್ಟುಬಿಡ್ತು. ಕೋರ್ಟಿಗೆ ಹೋಗಿ 2011ರಲ್ಲಿ ರಾಜಿ ಆಗ್ಬೇಕಾಯ್ತು. ಅಷ್ಟು ಬಲವಾದ ಸಂಘಕ್ಕೇ ಹಾಗಾಯ್ತು. ಆದ್ರೂ ಕೆಸ್ಪಾ ಉಳೀತು. ಆಟಗಾರರ ನೋಂದಣಿ, ಶಿಸ್ತು ಕ್ರಮ, ರಾಷ್ಟ್ರೀಯ ತಂಡದ ಆಯ್ಕೆ ಕೈಲಿತ್ತು. ಹ್ಯಾಂಗ್‌ಝೌನಲ್ಲಿ ಕೊರಿಯಾ ಲೀಗ್ ಆಫ್ ಲೆಜೆಂಡ್ಸ್ ಚಿನ್ನ ಗೆದ್ದಾಗ ಫೇಕರ್ ತಂಡಕ್ಕೆ ಸೇನಾ ಸೇವೆಯಿಂದ ವಿನಾಯ್ತಿ ಸಿಕ್ತು. ಸ್ಟ್ರೀಟ್ ಫೈಟರ್‌ನಲ್ಲಿ ಚಿನ್ನ ಗೆದ್ದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಅದೇ ಕೂಟದಲ್ಲಿ ನಮ್ಮ ಲೀಗ್ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ವಿಯೆಟ್ನಾಂಗೆ ಸೋತಿತು. ಭಾರತಕ್ಕೆ ಅಂತ ಪ್ರತ್ಯೇಕ ಸರ್ವರ್ ಇಲ್ಲದ ಆಟದಲ್ಲಿ ಅಲ್ಲೀವರೆಗೆ ಹೋದದ್ದೇ ಅವರ ಶ್ರಮ. ಆ ಹುಡುಗರಿಗೆ ಇಲ್ಲಿ ಎಷ್ಟು ಕ್ಯಾಂಪ್ ಸಿಕ್ತು, ಎಷ್ಟು ಕೋಚಿಂಗ್ ಸಿಕ್ತು ಅಂತ ಕೇಳೋ ಹಕ್ಕು ನಮಗಿದೆ.

ಮಹದೇವಪುರ_ಮಿಡ್

ಸಂಬಳದ ಮಾತು ಬಂತಲ್ಲ, ಬಾಕಿ ಬಹುಮಾನದ್ದೂ ಹೇಳ್ತೀನಿ. ಆಯೋಜಕರ ಹೆಸರು ಹೇಳಲ್ಲ. ನಮ್ಮ ತಂಡ ಎರಡನೇ ಸ್ಥಾನ ಬಂತು. ಪಾನ್ ಕಾರ್ಡ್, ಕ್ಯಾನ್ಸಲ್ ಚೆಕ್ ಕಳಿಸಿ ಅಂದ್ರು, ಕಳಿಸಿದ್ವಿ. ಆಮೇಲೆ "ಅಕೌಂಟ್ಸ್‌ನಲ್ಲಿದೆ". ಆಮೇಲೆ "ಪ್ರಾಯೋಜಕರಿಂದ ಬಂದಿಲ್ಲ". ಕೊನೆಗೆ ಅವರ ಡಿಸ್ಕಾರ್ಡ್ ಚಾಟ್ ಸರ್ವರೇ ಮಾಯ. ಐದು ಜನರಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಆ ದುಡ್ಡಲ್ಲಿ ಸೆಮಿಸ್ಟರ್ ಫೀಸ್ ಕಟ್ಟೋಣ ಅಂತಿದ್ದ. ಪೊಲೀಸ್ ಠಾಣೆಗೆ ಹೋದ್ರೆ ಗೇಮ್ ಅಂದ ತಕ್ಷಣ "ಬೆಟ್ಟಿಂಗಾ?" ಅಂತ ಕೇಳಿದ್ರು. ಮೂಲ ಸಮಸ್ಯೆ ಅದು. ಜೂಜಿಗೂ ನಮ್ಮ ಆಟಕ್ಕೂ ವ್ಯತ್ಯಾಸ ಹೇಳೋ ಒಂದು ಅಧಿಕೃತ ಕಾಗದ ನಮ್ಮ ಕೈಲಿಲ್ಲ.

ಕಾಯ್ದೆ_ಓದುಗ

ಈ ಗೊಂದಲ ಕರ್ನಾಟಕದಲ್ಲಿ ಹಳೆಯದು. 2021ರ ಪೊಲೀಸ್ ತಿದ್ದುಪಡಿ ಕಾಯ್ದೆ ಕೌಶಲ ಮತ್ತು ಅದೃಷ್ಟದ ಭೇದವನ್ನೇ ಅಳಿಸಲು ಹೋಗಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಈಗ ಕೇಂದ್ರದ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಗುರುತಿಸಿದೆ. ರಾಜ್ಯ ಕ್ರೀಡಾ ಇಲಾಖೆಯಿಂದ ಪೊಲೀಸ್ ಠಾಣೆಗಳಿಗೂ ಕಾಲೇಜುಗಳಿಗೂ ಒಂದು ಸುತ್ತೋಲೆ ಹೊರಡಿಸಿ ಎಂದು ನಾವು ಕೇಳಬಹುದು. ಅದಕ್ಕೆ ಬುಸಾನ್, ಸಿಂಗಪುರ ತೀರ್ಮಾನ ಆಗುವವರೆಗೆ ಕಾಯಬೇಕಿಲ್ಲ.

ವಿಜಯನಗರ_ಲ್ಯಾನ್

ಹಾಗಾದ್ರೆ ಮನವಿ ಬರೆಯೋಣ. ನೃಪತುಂಗ ರಸ್ತೆಯ ಯವನಿಕಾಗೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ನೇರವಾಗಿ ಕೊಡೋಣ. ಕರಡು ಹೀಗಿದೆ. ರಾಜ್ಯದಲ್ಲಿ ನಡೆಯೋ ಇ-ಸ್ಪೋರ್ಟ್ಸ್ ಟೂರ್ನಮೆಂಟ್‌ಗಳ ಬಹಿರಂಗ ನೋಂದಣಿ ಇರ್ಬೇಕು. ನೋಂದಣಿ ಮಾಡೋವಾಗಲೇ ಬಹುಮಾನದ ಹಣವನ್ನ ಬೇರೆ ಖಾತೆಯಲ್ಲಿ ಇಡ್ಬೇಕು. ಚೀಟ್ ಮಾಡಿ ಸಿಕ್ಕಿಬಿದ್ದೋರ ವಿಚಾರಣೆ ಒಂದೇ ಕಡೆ, ಅವರ ಮಾತನ್ನೂ ಕೇಳಿ, ತೀರ್ಪು ಎಲ್ಲ ನೋಂದಾಯಿತ ಟೂರ್ನಮೆಂಟ್‌ಗೂ ಅನ್ವಯ. ಹಾಜರಿಗೆ ಪತ್ರ ಕೊಡೋ ಒಬ್ಬ ಅಧಿಕಾರಿ. ಕಿರುಕುಳದ ದೂರಿಗೆ ಮಹಿಳಾ ಸದಸ್ಯರಿರೋ ಸಮಿತಿ. ವಿದೇಶಕ್ಕೆ ಹೋಗೋರಿಗೆ ವೀಸಾ ಬೆಂಬಲ ಪತ್ರ. ಮೇಷ್ಟ್ರು ಹೇಳಿದ ದಾಖಲೆ ಪುಸ್ತಕ ಇದರಿಂದಲೇ ಶುರುವಾಗುತ್ತೆ, ಪಂದ್ಯದ ಫಲಿತಾಂಶ ನೋಂದಣಿಯಲ್ಲೇ ಉಳಿಯೋದ್ರಿಂದ.

ಬಸವನಗುಡಿ_ಕುದುರೆ

ರೆಫರಿಗಳ ತರಬೇತಿ ಸೇರಿಸಿ. ಚೆಸ್‌ನಲ್ಲಿ ಆರ್ಬಿಟರ್ ಆಗಲು ಪರೀಕ್ಷೆ ಬರೆಯಬೇಕು. ನಿಮ್ಮಲ್ಲಿ ಅಡ್ಮಿನ್ ಆಗಲು ಆಯೋಜಕರ ಪರಿಚಯ ಸಾಕು ಎಂದು ಇಂಚರ ಅವರ ಅನುಭವ ಕೇಳಿದರೆ ಅನಿಸುತ್ತದೆ. ಪಠ್ಯ ತಯಾರಿಸಲು ನಾನು ನೆರವಾಗುತ್ತೇನೆ.

ಮಹದೇವಪುರ_ಮಿಡ್

ಇನ್ನೊಂದು ಬಹಳ ಮುಖ್ಯ. ಮನವಿಯಲ್ಲಿ ಆಟಗಳ ಹೆಸರು ಬರೀಬೇಡಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ ಆಯ್ತು, 2021ರಲ್ಲಿ ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಅದೂ ಹೋಯ್ತು, 2023ರ ಮೇನಲ್ಲಿ ವಾಪಸ್ ಬಂತು. ಹೆಸರು ಹಿಡಿದು ಆದೇಶ ಮಾಡಿದ್ರೆ ಆಟ ಹೋದ ದಿನ ಆದೇಶನೂ ಸತ್ತಂತೆ. ಮಾನ್ಯತೆ ಆಟಗಾರನ ನೋಂದಣಿ ಸಂಖ್ಯೆಗೆ ಇರಲಿ. ಅವನು ಡೋಟಾ ಬಿಟ್ಟು ಬೇರೆ ಆಟಕ್ಕೆ ಹೋದ್ರೂ ಹಿಂದಿನ ದಾಖಲೆ ಜೊತೆಗೆ ಬರಲಿ.

ಕಾಯ್ದೆ_ಓದುಗ

ಇದು ಸರಿ. "ಕಾಲಕಾಲಕ್ಕೆ ಇಲಾಖೆ ಅಧಿಸೂಚಿಸುವ ಆಟಗಳು" ಎಂದು ಬರೆದು, ಆಟಗಾರರ ದಾಖಲೆಯನ್ನು ಪ್ರತ್ಯೇಕ ಕಲಂ ಮಾಡುತ್ತೇನೆ. ಒಂದು ಆಟ ಪಟ್ಟಿಯಿಂದ ಹೊರಗೆ ಹೋದರೂ ಅದರಲ್ಲಿ ಗಳಿಸಿದ ಪ್ರಮಾಣಪತ್ರ ಊರ್ಜಿತದಲ್ಲಿರುತ್ತದೆ ಎಂಬ ಸಾಲೂ ಇರುತ್ತದೆ.

ಡಸ್ಟ್2_ಹಳಬ

ನಾನು ಸಹಿ ಹಾಕ್ತೀನಿ. ಹಳೇ ಕೆಫೆ ಮಾಲೀಕರು ಮೂರ್ನಾಲ್ಕು ಜನ ಇನ್ನೂ ಸಂಪರ್ಕದಲ್ಲಿದ್ದಾರೆ, ಅವರ ಸಹಿನೂ ತರ್ತೀನಿ. ದೇಶದ ಜರ್ಸಿ ಬಗ್ಗೆ ಒಂದು ಸಾಲು ಇರಲಿ ಅನ್ನೋದು ನನ್ನ ಕೋರಿಕೆ: ರಾಜ್ಯದಿಂದ ರಾಷ್ಟ್ರೀಯ ತಂಡದ ಆಯ್ಕೆಗೆ ಹೋಗೋರ ಖರ್ಚು ಇಲಾಖೆ ನೋಡ್ಕೊಳ್ಲಿ.

ಸುಮಕ್ಕ_ಜೆಪಿನಗರ

ಮೂರು ಸಂಸ್ಥೆಗಳಲ್ಲಿ ಒಂದರಿಂದ ಉತ್ತರ ಬಂತು. ತಮ್ಮದು ಖಾಸಗಿ ಸ್ಪರ್ಧೆ, ಹಾಜರಿಗೆ ಪತ್ರ ಕೊಡೋ ಅಧಿಕಾರ ತಮಗಿಲ್ಲ ಅಂತ ನೇರವಾಗಿ ಬರೆದಿದ್ದಾರೆ. ಆ ಮೇಲನ್ನ ಮನವಿ ಜೊತೆ ಲಗತ್ತಿಸಬಹುದಾ? ನಮ್ಮ ಅಪಾರ್ಟ್‌ಮೆಂಟಿನ ಇನ್ನೂ ನಾಲ್ಕು ಜನ ತಾಯಂದಿರು ಸಹಿ ಹಾಕೋಕೆ ಬರ್ತಾರೆ.

ವಿಜಯನಗರ_ಲ್ಯಾನ್

ಖಂಡಿತ ಲಗತ್ತಿಸೋಣ ಅಕ್ಕ, ಸಂಸ್ಥೆಯ ಹೆಸರು ಮುಚ್ಚಿ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ವಿಜಯನಗರದ ನಮ್ಮ ಜಾಗದಲ್ಲಿ ಕರಡು ಓದೋಣ, ಪ್ರಿಂಟ್ ನಾನು ತೆಗೆಸಿರ್ತೀನಿ. ಸೋಮವಾರ ಯವನಿಕಾಗೆ ಹೋಗೋಕೆ ಯಾರು ಯಾರಿಗೆ ರಜೆ ಸಿಗುತ್ತೆ ಅಂತ ಕೆಳಗೆ ಬರೀರಿ. ಮನವಿ ಕೊಟ್ಟಾಗ ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳೋದು ಕಾಯ್ದೆ_ಓದುಗರ ಜವಾಬ್ದಾರಿ.